ಬೇರು ಬಿಟ್ಟುಹೋದದ್ದು

ಕಲಬುರಗಿ ಜಿಲ್ಲೆಯ ನಾಲವಾರ, ಚಿತ್ತಾಪುರ, ಸೇಡಂ ಕಡೆಯ ಎರೆಹೊಲದಲ್ಲಿ ಹಿಂಗಾರಿ ಜೋಳದಷ್ಟು ಸಾಧು ಬೆಳೆ ಇನ್ನೊಂದಿಲ್ಲ ಅನ್ನಿಸುತ್ತದೆ. ಮಳೆ ಹಿಂದೆ ಸರಿದ ಮೇಲೆ ಬಿತ್ತಿದರೂ ನೆಲದಲ್ಲುಳಿದ ಹಸಿಯನ್ನೇ ನಂಬಿ ಬೆಳೆದು ಮನೆಗೆ ರೊಟ್ಟಿ, ದನಕ್ಕೆ ಕಣಿಕೆ ಕೊಡುತ್ತದೆ. ಆದರೆ ಮಣ್ಣಿನೊಳಗೆ ಅದರ ಬೇರುಗೂದಲುಗಳು ಹೊಂಬಣ್ಣದ ಎಣ್ಣೆಯಂಥ ಹನಿಗಳನ್ನು ಜಿನುಗಿಸುತ್ತಿರುತ್ತವೆ. 1986ರಲ್ಲಿ ವಿಜ್ಞಾನಿಗಳು ಅದರಲ್ಲಿನ ಮುಖ್ಯ ವಸ್ತುವಿಗೆ ಸೋರ್ಗೋಲಿಯೋನ್ ಎಂದು ಹೆಸರಿಟ್ಟರು. ಸಣ್ಣ ಬೀಜದ ಕಸದ ಸಸಿಗೆ ಅದು ತಗಲಿದರೆ, ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಶಕ್ತಿಯೇ ಕುಂದುತ್ತದೆ.

ಗಿಡದ ಸ್ರಾವ ಇನ್ನೊಂದು ಗಿಡದ ಮೇಲೆ ಬೀರುವ ಇಂಥ ಪ್ರಭಾವಕ್ಕೆ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಅಲೆಲೋಪತಿ ಎಂದು ಹೆಸರಿಟ್ಟ. ಗಮನಿಸಿದವರು ಮಾತ್ರ ಹಳಬರು. ಗ್ರೀಸಿನ ಥಿಯೋಫ್ರಾಸ್ಟಸ್ ಸುಮಾರು 2,300 ವರ್ಷಗಳ ಹಿಂದೆಯೇ, ಕಡಲೆ ನೆಲವನ್ನು ಬಳಲಿಸುತ್ತದೆ, ಕಸವನ್ನು, ಅದರಲ್ಲೂ ನೆಗ್ಗಿಲನ್ನು ಹಾಳುಮಾಡುತ್ತದೆ ಎಂದು ಬರೆದಿಟ್ಟ. ನಮ್ಮ ಹೊಲಗಳಲ್ಲಿ ಕಡಲೆಯೂ ಇದೆ, ನೆಗ್ಗಿಲ ಮುಳ್ಳೂ ಇದೆ. ನಸುಕಿನಲ್ಲಿ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ ಹುಳಿ ಹಿಂಡಿಕೊಳ್ಳುತ್ತಿದ್ದ ಹಿರಿಯರಿಗೆ, ಗಿಡ ತನ್ನೊಳಗಿನದನ್ನು ಹೊರಗೆ ಬಿಡುತ್ತದೆ ಎಂಬುದು ಹೊಸ ಸುದ್ದಿಯಲ್ಲ.

ಇದನ್ನು ಹಗೆತನ ಎನ್ನೋಣವೆ? ಅದಕ್ಕೆ ಮೊದಲು ಜೋಳದ ಬೇರಿನ ಇನ್ನೊಂದು ಸ್ರಾವವನ್ನು ನೋಡಬೇಕು. ನೆಲದಲ್ಲಿ ರಂಜಕ ಸಾಲದಾದಾಗ ಅದು ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತುಗಳನ್ನು ಹೆಚ್ಚಾಗಿ ಬಿಡುತ್ತದೆ. ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರಕ್ಕೆ ಈ ವಸ್ತುಗಳೇ ಕರೆ ಎಂಬುದು 2005ರಲ್ಲಿ ತಿಳಿಯಿತು. ಆದರೆ ಅದೇ ಕರೆಗೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಸ್ಟ್ರೈಗಾ ಕಸದ ಬೀಜವೂ ಮೊಳೆತು, ಜೋಳದ ಬೇರಿಗೇ ಬಾಯಿಟ್ಟು ಹೀರುತ್ತದೆ. ಒಂದು ಸ್ರಾವ ತಡೆಯುತ್ತದೆ, ಇನ್ನೊಂದು ಕರೆಯುತ್ತದೆ. ಕರೆಗೆ ಬಂದವರೆಲ್ಲ ನೆಂಟರಲ್ಲ. ನಿಂತಲ್ಲೇ ಬದುಕಬೇಕಾದ ಜೀವಕ್ಕೆ ಸ್ರವಿಸುವುದು ಒಂದು ಉಪಾಯ, ಆದರೆ ಸ್ರವಿಸಿದ್ದರ ಮೇಲೆ ಅದಕ್ಕೆ ಹಿಡಿತವಿಲ್ಲ.

ಹಿಡಿತವಿಲ್ಲದ್ದು ತಿರುಗಿ ತನಗೇ ತಗಲುವುದೂ ಉಂಟು. ಮೇವಿನ ಕುದುರೆ ಮೆಂತೆಯನ್ನು ಹಳೆಯ ಮಡಿಯಲ್ಲೇ ಮತ್ತೆ ಬಿತ್ತಿದರೆ ಹೊಸ ಸಸಿಯ ಬೇರು ಮುರುಟುತ್ತದೆ. ಹಳೆಯ ಗಿಡ ನೆಲಕ್ಕೆ ಬಿಟ್ಟದ್ದೇ ಅದರ ಕುಲಕ್ಕೆ ನಂಜಾಗುತ್ತದೆ. ಹಾಗೆಂದು ಎಲ್ಲಕ್ಕೂ ಬೇರನ್ನೇ ದೂರುವಂತಿಲ್ಲ. ಜೋಳದ ನಂತರದ ಬೆಳೆ ಬಡವಾದರೆ, ಜೋಳ ಹಸಿಯನ್ನೆಲ್ಲ ಕುಡಿದುಬಿಟ್ಟಿರಬಹುದು, ಕೂಳೆ ಕೊಳೆಯುವಾಗ ಸಾರಜನಕವನ್ನು ಸೂಕ್ಷ್ಮಜೀವಿಗಳು ಹಿಡಿದಿಟ್ಟುಕೊಂಡಿರಬಹುದು. ಹೊಲದಲ್ಲಿ ಹಸಿವಿನ ಪಾಲೆಷ್ಟು, ನಂಜಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ತೊಗರಿಯ ಕಷ್ಟ ಬೇರೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಸರಿದೆ ಎಂದು ವರ್ಷವರ್ಷವೂ ಒಂದೇ ಹೊಲಕ್ಕೆ ತೊಗರಿ ಹಾಕಿದರೆ ನೆಟೆ ರೋಗದ ಶಿಲೀಂಧ್ರ ಬೇರಿನ ಕೂಳೆಯಲ್ಲಿ ಉಳಿದು ಬೆಳೆಯುತ್ತದೆ. ಇದು ತೊಗರಿಯ ಸ್ರಾವವಲ್ಲ, ಹೊರಗಿನ ರೋಗ. ಆದರೂ ಕುಲ ಬದಲಾಗದ ನೆಲದಲ್ಲಿ ಎರಡರ ಫಲವೂ ಒಂದೇ. ಜೋಳವನ್ನು ಜೊತೆಗೆ ಬಿತ್ತಿದರೆ, ಸರದಿಯಲ್ಲಿ ಬೆಳೆದರೆ, ನೆಟೆ ತಗ್ಗುವುದನ್ನು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಪ್ರಯೋಗಗಳು ಕಂಡಿವೆ. ಕಸದ ಸಸಿಯನ್ನು ಕುಗ್ಗಿಸುವ ಜೋಳವೇ ತೊಗರಿಗೆ ಕಾವಲು!

ಆದ್ದರಿಂದ ವಿಷ, ಅಮೃತ ಎಂಬುದು ವಸ್ತುವಿನ ಗುಣವಷ್ಟೇ ಅಲ್ಲ. ಅದು ಎಷ್ಟು ಸೇರಿತು, ಪಕ್ಕದಲ್ಲಿ ಯಾರಿದ್ದರು, ಮುಂದೆ ಯಾರು ಬಂದರು ಎಂಬುದರ ಲೆಕ್ಕ. ಅಕ್ಕಡಿ ಸಾಲು ಬಿಡುತ್ತಿದ್ದ, ಬೆಳೆ ಬದಲಿಸುತ್ತಿದ್ದ ಒಕ್ಕಲುತನ ಈ ಲೆಕ್ಕವನ್ನು ರಸಾಯನಶಾಸ್ತ್ರವಿಲ್ಲದೆಯೇ ಮಾಡಿತ್ತು. ನೆರೆಯವರನ್ನು ಸಹಿಸಿಕೊಳ್ಳುವುದನ್ನು ನಾವು ಔದಾರ್ಯ ಎಂದುಕೊಳ್ಳುತ್ತೇವೆ. ಹೊಲದ ನ್ಯಾಯದಲ್ಲಿ ಅದು ಔದಾರ್ಯವಲ್ಲ, ಅಗತ್ಯ. ತನ್ನವರೇ ತುಂಬಿದ ನೆಲದಲ್ಲಿ ತಾನು ಬಿಟ್ಟದ್ದನ್ನು ತಾಳಿಕೊಳ್ಳುವವರು ಯಾರೂ ಇರುವುದಿಲ್ಲ.