ವೇಳೆಯ ಒಡೆತನ ಮತ್ತು ಅವಧಾನ

ಕಾಲವು ಮನುಷ್ಯನಿಗೆ ಒಡೆಯನೋ, ಮನುಷ್ಯನು ಕಾಲಕ್ಕೆ ಒಡೆಯನೋ ಎಂಬ ಪ್ರಶ್ನೆ ಹಳೆಯದು. ಅಂತರ್ಜಾಲದ ಮೂಲಕ ಬೇಕಾದ ಧಾರಾವಾಹಿಯನ್ನು ಬೇಕಾದಾಗ ನೋಡುವ ಸೌಕರ್ಯವು ಮನೆಮನೆಗೆ ಬಂದ ಮೇಲೆ ಅದು ಗೃಹಸ್ಥನ ನಿತ್ಯದ ಪ್ರಶ್ನೆಯಾಗಿದೆ.

1987ರ ಜನವರಿಯಲ್ಲಿ ದೂರದರ್ಶನವು ‘ರಾಮಾಯಣ’ವನ್ನು ಪ್ರಸಾರಮಾಡತೊಡಗಿದಾಗ ಅದನ್ನು ಭಾನುವಾರ ಬೆಳಿಗ್ಗೆಯೇ ನೋಡಬೇಕಾಗಿತ್ತು, ತಪ್ಪಿದರೆ ತಪ್ಪಿತು. 2016ರಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದಿತು. ಅದೇ ವರ್ಷ ಜಿಯೋ ಸೇವೆ ತೊಡಗಿ ಅಂತರ್ಜಾಲ ಬಳಕೆಯ ಬೆಲೆ ಬಹಳವಾಗಿ ಇಳಿಯಿತು. ಇಂದು ಹುಮನಾಬಾದಿನ ಅಂಗಡಿಕಾರನೂ ಬಸವಕಲ್ಯಾಣದ ರೈತನೂ ಕಾಯಕ ಮುಗಿದ ಬಳಿಕ ಕೈಯೊಳಗಿನ ಫೋನಿನಲ್ಲಿ ತನಗೆ ಬೇಕಾದುದನ್ನು ನೋಡಬಲ್ಲನು.

ಇದನ್ನು ಕೇವಲ ಕೇಡೆಂದು ಹಳಿಯುವುದು ನ್ಯಾಯವಲ್ಲ. ಹಗಲೆಲ್ಲ ದುಡಿದು ರಾತ್ರಿ ಹತ್ತಕ್ಕೆ ಅಡುಗೆಮನೆಯಿಂದ ಹೊರಬರುವ ತಾಯಿಗೆ ನಿಗದಿತ ವೇಳೆಯ ಕಾರ್ಯಕ್ರಮವು ದಕ್ಕುತ್ತಿರಲಿಲ್ಲ. ಅಲ್ಲದೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ತಿಥಿ, ವಾರ, ಮುಹೂರ್ತಗಳ ಅಧಿಕಾರವನ್ನು ಒಪ್ಪಲಿಲ್ಲ. ಎಲ್ಲ ವೇಳೆಯೂ ಸಮವೆಂದ ಪರಂಪರೆಯವರಾದ ನಾವು ವೇಳೆಯ ಸ್ವಾತಂತ್ರ್ಯವನ್ನು ದೂರುವುದೆಂತು?

ಆದರೆ ಶರಣರು ವೇಳೆಯನ್ನು ಪಂಚಾಂಗದ ಕೈಯಿಂದ ಬಿಡಿಸಿದ್ದು ಬಯಕೆಯ ಕೈಗೆ ಒಪ್ಪಿಸುವುದಕ್ಕಲ್ಲ. ಪ್ರತಿ ಗಳಿಗೆಗೂ ಮನುಷ್ಯನೇ ಹೊಣೆಯಾಗಬೇಕೆಂದು. ಈ ಹೊಣೆ ಎಲ್ಲಿ ಜಾರುತ್ತದೆಂಬುದನ್ನು ವಾಚಕರು ಗಮನಿಸಬೇಕು. ಮೊದಲ ಕಂತನ್ನು ನಾವು ಬೇಡಿ ನೋಡುತ್ತೇವೆ. ಅದು ಮುಗಿದ ಕೆಲವೇ ಕ್ಷಣಗಳಲ್ಲಿ ಎರಡನೆಯದು ಬೇಡದೆಯೇ ತೊಡಗುತ್ತದೆ. ತಮ್ಮ ಸಂಸ್ಥೆಯ ಸ್ಪರ್ಧೆ ನಿದ್ರೆಯೊಡನೆ ಎಂಬರ್ಥದ ಮಾತನ್ನು ನೆಟ್‌ಫ್ಲಿಕ್ಸಿನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಬಹಿರಂಗವಾಗಿಯೇ ಆಡಿದ್ದರು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಮುಕ್ತಾಯವುಂಟು. ಜನರು ಮನೆಗೆ ತಿರುಗುತ್ತಾರೆ. ಹಳೆಯ ಪ್ರಸಾರಕ್ಕೂ ಮುಕ್ತಾಯವಿತ್ತು. ಈ ನೋಟಕ್ಕೆ ಹೊರಗಿನ ಮುಕ್ತಾಯವಿಲ್ಲ. ‘ಸಾಕು’ ಎಂಬ ಮಾತು ಒಳಗಿನಿಂದಲೇ ಬರಬೇಕು.

ಷಟ್‌ಸ್ಥಲದಲ್ಲಿ ಪ್ರಸಾದಿಗೆ ಹೇಳಿದುದು ಅವಧಾನಭಕ್ತಿ. ಕಣ್ಣು ಕಂಡ ರೂಪವನ್ನೂ ಕಿವಿ ಕೇಳಿದ ಶಬ್ದವನ್ನೂ ಎಚ್ಚರದಿಂದ ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದರೆ ಪದಾರ್ಥವು ಪ್ರಸಾದವಾಗುತ್ತದೆ; ಎಚ್ಚರ ತಪ್ಪಿದರೆ ಉಳಿಯುವುದು ಬರಿಯ ಭೋಗ. ಆದುದರಿಂದ ಏನನ್ನು ನೋಡಿದೆ, ಎಷ್ಟು ಹೊತ್ತು ನೋಡಿದೆ ಎಂಬ ಪ್ರಶ್ನೆಗಳಿಗಿಂತ, ನೋಡುವಾಗ ನಾನು ಎಚ್ಚತ್ತಿದ್ದೆನೇ ಎಂಬ ಪ್ರಶ್ನೆ ಹಿರಿದು. ಆರಿಸಿ ನೋಡಿದ ಒಂದು ಕಥೆ ಮನಸ್ಸನ್ನು ಬೆಳೆಸೀತು. ನಿದ್ದೆಗಣ್ಣಿನಲ್ಲಿ ಹಾಯ್ದುಹೋದ ಐದನೆಯ ಕಂತು ಮರುದಿನದ ಕಾಯಕವನ್ನು ಕದಿಯುವುದಲ್ಲದೆ ಏನನ್ನೂ ಕೊಡದು.

ಗೃಹಸ್ಥರು ಎಷ್ಟು ನೋಡಬೇಕೆಂದು ಮೊದಲೇ ನಿಶ್ಚಯಿಸಿ ಕುಳಿತುಕೊಳ್ಳಲಿ. ಮುಂದಿನ ಕಂತು ತಾನಾಗಿ ತೊಡಗದಂತೆ ನಿಲ್ಲಿಸುವ ಏರ್ಪಾಡು ಅನೇಕ ಸೇವೆಗಳಲ್ಲಿ ಉಂಟು, ಅದನ್ನು ಬಳಸಲಿ. ಊಟದ ಹೊತ್ತಿನಲ್ಲಿ ಒಬ್ಬೊಬ್ಬರ ಕೈಗೊಂದು ಪರದೆಯಾಗದಿರಲಿ. ನೋಡುವುದಾದರೆ ಕೂಡಿ ನೋಡಿ, ನೋಡಿದುದನ್ನು ಕುರಿತು ಮಾತಾಡಲಿ. ಮಕ್ಕಳು ಸಂಯಮವನ್ನು ಕಲಿಯುವುದು ನಿಷೇಧದಿಂದಲ್ಲ. ಕಥೆ ಕುತೂಹಲದ ಘಟ್ಟದಲ್ಲಿರುವಾಗಲೇ ಹಿರಿಯರು ‘ಇಂದಿಗೆ ಸಾಕು’ ಎಂದು ಏಳುವುದನ್ನು ಕಂಡು.