ನಿಂತ ಮರದ ಲೆಕ್ಕ

ನಿಂತದ್ದು ಮರ, ಬಿದ್ದದ್ದು ಮೋಪು. ನಮ್ಮ ಮಾತಿನಲ್ಲಿ ಈ ಎರಡಕ್ಕೆ ಬೇರೆ ಬೇರೆ ಪದಗಳಿವೆ. ಆದರೆ ಒಂದು ದೇಶದ ಕಾಡುಗಳಲ್ಲಿ ಎಷ್ಟು ಮೋಪು ‘ನಿಂತಿದೆ’ ಎಂದು ಕೇಳಿದಾಗ ಈ ಭೇದ ಅಳಿದುಹೋಗುತ್ತದೆ. ಬದುಕಿರುವುದನ್ನು ಅದು ಸತ್ತ ಮೇಲೆ ಏನಾಗುವುದೋ ಆ ರೂಪದಲ್ಲಿ ಎಣಿಸುವುದು ನ್ಯಾಯವೇ?

ಎಣಿಕೆಯಂತೂ ನಡೆದಿದೆ. ದೆಹರಾದೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯ 2023ರ ವರದಿಯ ಪ್ರಕಾರ ದೇಶದಲ್ಲಿ ನಿಂತಿರುವ ಮರಗಳ ಒಟ್ಟು ಗಾತ್ರ ಸುಮಾರು 643 ಕೋಟಿ ಘನ ಮೀಟರ್. ಇದರಲ್ಲಿ 448 ಕೋಟಿ ಕಾಡಿನ ಒಳಗಿನದು. ಉಳಿದ 195 ಕೋಟಿ ಹೊಲದ ಬದು, ಕೆರೆಯ ಏರಿ, ದಾರಿಯ ಮಗ್ಗುಲು, ಮನೆಯ ಹಿತ್ತಲುಗಳದು. ಎಂದರೆ ಹತ್ತರಲ್ಲಿ ಮೂರು ಪಾಲು ಕಾಡೆಂಬ ಹೆಸರಿಲ್ಲದ ನೆಲದಲ್ಲಿದೆ.

ಸಾಂಗ್ಲಿ ಜಿಲ್ಲೆಯ ಜತ್ ತಾಲೂಕಿನ ಉಮದಿ ಅಂಥ ನೆಲ. ಮಹಾರಾಷ್ಟ್ರದ ಅಂಚಿನ, ಕನ್ನಡ ಮಾತಿನ, ಮಳೆನೆರಳಿನ ಊರು. ಕಾಸರಗೋಡಿನವರು ಕಾಡೆಂದು ಕರೆಯುವಂಥದ್ದು ಆ ಸೀಮೆಯಲ್ಲಿ ಕಾಣಸಿಗದು. ಇರುವುದು ಬದುವಿನ ಜಾಲಿ, ಬಾವಿಯ ಬಳಿಯ ಬೇವು, ಊರ ಹೊರಗಿನ ಬನ್ನಿ. ಇವುಗಳೂ ದೇಶದ ಲೆಕ್ಕಕ್ಕೆ ಸೇರುವಂಥವೇ. ಆದರೆ ಯಾರೂ ಮರ ಮರಕ್ಕೂ ಹೋಗಿ ಅಳೆಯುವುದಿಲ್ಲ. ಅಲ್ಲಲ್ಲಿ ಮಾದರಿ ತುಂಡುನೆಲಗಳನ್ನು ಆರಿಸಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಎಂದರೆ ಎದೆಮಟ್ಟದಲ್ಲಿ, ಕಾಂಡಕ್ಕೆ ಟೇಪು ಸುತ್ತುತ್ತಾರೆ. ಆ ಅಳತೆಯಿಂದ ಗಾತ್ರ ತಿಳಿಯಲು ಜಾತಿಗೊಂದು ಸೂತ್ರವಿದೆ. ಆ ಸೂತ್ರ ಬಂದದ್ದು ಹಿಂದೆ ಒಂದಷ್ಟು ಮರಗಳನ್ನು ಕಡಿದು, ತುಂಡು ತುಂಡಾಗಿ ಅಳೆದದ್ದರಿಂದ. ನಿಂತವುಗಳನ್ನು ತಿಳಿಯಲು ಕೆಲವು ಬೀಳಬೇಕಾಯಿತು. ಈ ಜ್ಞಾನ ಪುಕ್ಕಟೆಯದಲ್ಲ.

ಹಾಗಾದರೆ ಎಣಿಸದೆ ಬಿಟ್ಟಿದ್ದರೆ ಮರಗಳು ಉಳಿಯುತ್ತಿದ್ದವೇ? ಚರಿತ್ರೆ ಹಾಗೆ ಹೇಳುವುದಿಲ್ಲ. 1856ರಲ್ಲಿ ಬರ್ಮಾದ ಪೆಗು ಕಾಡುಗಳಿಗೆ ಬಂದ ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್ ಆನೆಯ ಮೇಲೆ ಕುಳಿತು, ಕೈಯಲ್ಲಿ ಕೋಲುಗಳನ್ನು ಹಿಡಿದು, ದಾರಿಯ ಬದಿ ಕಂಡ ಒಂದೊಂದು ತೇಗಕ್ಕೂ ಅದರ ದಪ್ಪಕ್ಕೆ ತಕ್ಕ ಕೋಲಿನಲ್ಲಿ ಚಾಕುವಿನಿಂದ ಒಂದು ಗೀರು ಹಾಕುತ್ತಿದ್ದ. ವ್ಯಾಪಾರಿಗಳ ಕೊಡಲಿಗೆ ಲಂಗುಲಗಾಮು ಇಲ್ಲದ ಕಾಲವದು. ವರ್ಷಕ್ಕೆ ಎಷ್ಟು ಕಡಿದರೆ ಕಾಡು ತಾಳೀತು ಎಂಬ ಮಿತಿ ಆ ಗೀರುಗಳಿಂದ ಹುಟ್ಟಿತು. 1864ರಲ್ಲಿ ಅವನೇ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಸಾಮ್ರಾಜ್ಯದ ಲಾಭಕ್ಕಾಗಿ ಹಾಕಿದ ಲೆಕ್ಕವೆಂಬುದು ನಿಜ. ಲೆಕ್ಕವಿಲ್ಲದ ಕೊಡಲಿಗಿಂತ ಲೆಕ್ಕವಿರುವ ಕೊಡಲಿಗೆ ಹಿಡಿತವಿತ್ತೆಂಬುದೂ ನಿಜ.

ಬಡವನಿಗೂ ಲೆಕ್ಕ ಬೇಕು. ಬರ ಬಿದ್ದ ವರ್ಷ ಬದುವಿನ ಬೇವನ್ನು ಮಾರಲು ಹೊರಟ ರೈತನನ್ನು ದೂರುವ ಹಕ್ಕು ನಮಗಿಲ್ಲ. ಅವನ ಪಾಲಿಗೆ ಅದು ನಿಂತ ಉಳಿತಾಯ. ಆದರೆ ಅಳೆಯುವ ರೀತಿಯಲ್ಲೇ ಒಂದು ಪಕ್ಷಪಾತ ಅಡಗಿರಬಹುದು. ಮರದ ವ್ಯಾಪಾರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ರಮವೊಂದಿದೆ: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವುದು. ದುಂಡನೆಯ ದಿಮ್ಮಿಯಲ್ಲಿ ನಿಜವಾಗಿ 100 ಘನ ಅಡಿ ಇದ್ದರೆ ಈ ಕ್ರಮದಲ್ಲಿ ಸಿಗುವುದು ಸುಮಾರು 78.5 ಅಡಿ ಮಾತ್ರ. ಉಳಿದದ್ದು ಕೊಯ್ಯುವಾಗಿನ ನಷ್ಟ ಎನ್ನುತ್ತಾರೆ. ಗುಣಾಕಾರದಲ್ಲಿ ತಪ್ಪಿಲ್ಲ. ಆ ನಷ್ಟ ಯಾರ ತಲೆಯ ಮೇಲೆ ಬೀಳಬೇಕೆಂಬುದನ್ನು ಮಾತ್ರ ಸೂತ್ರ ಮೊದಲೇ ತೀರ್ಮಾನಿಸಿಬಿಟ್ಟಿದೆ.

ಆದ್ದರಿಂದ ಎಣಿಸುವುದು ಪಾಪವೆಂದು ನಾನು ಹೇಳಲಾರೆ. ಪಾಪವಿರುವುದು ಎಣಿಕೆಗೆ ಸಿಕ್ಕದ್ದನ್ನು ಇಲ್ಲವೆಂದು ಬಗೆಯುವುದರಲ್ಲಿ. ಎದೆಮಟ್ಟದಲ್ಲಿ 10 ಸೆಂಟಿಮೀಟರಿಗಿಂತ ಸಪುರವಾದ ಗಿಡ ದೇಶದ ಈ ಗಾತ್ರದ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಎಲ್ಲೋ ಒಂದು ಗೆರೆ ಬೇಕು, ಸರಿ. ಆದರೆ ಒಣಸೀಮೆಯಲ್ಲಿ ಆ ಗೆರೆಯ ಕೆಳಗೆ ಉಳಿಯುವ ಗಿಡ ಬಹಳ. ಜಾಲಿಯ ಕಾಯಿ ಆಡಿಗೆ ಮೇವು, ಮುಳ್ಳು ಹೊಲಕ್ಕೆ ಬೇಲಿ, ನೆರಳು ಬುತ್ತಿ ಬಿಚ್ಚುವವನಿಗೆ. ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗೆ ಕೈ ದಾಟಿಸುತ್ತಾರೆ. ಈ ಯಾವುದಕ್ಕೂ ಘನ ಮೀಟರಿಲ್ಲ. ಮೊತ್ತವೊಂದನ್ನೇ ನೋಡುವವನಿಗೆ ಹಲವು ಜಾತಿಯ ಕಾಡು ಹೋಗಿ ಒಂದೇ ಜಾತಿಯ ನೆಡುತೋಪು ಬಂದರೂ ವ್ಯತ್ಯಾಸ ತಿಳಿಯದೆ ಹೋಗಬಹುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತಾಗ ಅವರಿಗೆ ಆ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು.

ಗಡಿಯವರಾದ ನಮಗೆ ಇದು ಹೊಸ ಅನುಭವವೇನಲ್ಲ. 1967ರ ಮಹಾಜನ ಆಯೋಗದ ವರದಿಯಲ್ಲಿ ಕಾಸರಗೋಡೂ ಇತ್ತು, ಜತ್ತೂ ಇತ್ತು. ಜನಗಣತಿಯ ಹಾಳೆಯಲ್ಲಿ ಒಬ್ಬನಿಗೆ ಒಂದೇ ಮಾತೃಭಾಷೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಮಾತಾಡುವವನ ಬಾಳು ಆ ಒಂದು ಮನೆಯೊಳಗೆ ಹಿಡಿಸುವುದಿಲ್ಲ. ಆದರೂ ನಮ್ಮನ್ನು ಎಣಿಸಬೇಡಿ ಎಂದು ನಾವು ಹೇಳುವುದಿಲ್ಲ, ಏಕೆಂದರೆ ಎಣಿಸದವರಿಗೆ ಶಾಲೆಯೂ ಸಿಗುವುದಿಲ್ಲ. ನಾವು ಕೇಳುವುದು ಇಷ್ಟೇ: ಈ ಅಂಕಿ ಯಾವ ಪ್ರಶ್ನೆಗೆ ಉತ್ತರವೆಂದು ನೆನಪಿಡಿ.

ಮರದ ವಿಷಯದಲ್ಲೂ ಕೇಳಬೇಕಾದದ್ದು ಅದನ್ನೇ. 643 ಕೋಟಿ ಘನ ಮೀಟರ್ ಎಂಬುದು ‘ಗಾತ್ರವೆಷ್ಟು’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಅಂದಾಜು. ಎಷ್ಟು ಕಡಿಯಬಹುದು ಎಂಬುದು ಬೇರೆ ಪ್ರಶ್ನೆ. ಕಡಿಯಬೇಕೇ ಎಂಬುದು ಇನ್ನೂ ಬೇರೆ. ಮೊದಲನೆಯದನ್ನು ಟೇಪು ಹಿಡಿದವನಿಗೆ ಬಿಡಬಹುದು. ಉಳಿದೆರಡಕ್ಕೆ ಆ ಮರದ ಕೆಳಗೆ ಬಾಳುವವರನ್ನೂ ಕೇಳಬೇಕಾಗುತ್ತದೆ.