ಹಪ್ಪಳ ಯಾರದು?

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಲೇಬಲ್ಲುಗಳ ಕಟ್ಟೊಂದು ಸಿಕ್ಕಿತು. ಹಳದಿ ಕಾಗದದ ಮೇಲೆ ಕೆಂಪು ಅಕ್ಷರದಲ್ಲಿ ನನ್ನ ಹೆಸರು, ಅದರ ಕೆಳಗೆ 'ಮನೆಯಲ್ಲೇ ತಯಾರಿಸಿದ ಶುದ್ಧ ಉದ್ದಿನ ಹಪ್ಪಳ' ಎಂಬ ಒಕ್ಕಣೆ. ಇಲಿ ಒಂದು ಮೂಲೆಯನ್ನು ಕಡಿದಿದ್ದರೂ ನನ್ನ ಹೆಸರಿಗೇನೂ ಆಗಿರಲಿಲ್ಲ. ನೋಡಿ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಮಕ್ಕಳಿಬ್ಬರೂ ಹೈಸ್ಕೂಲಿನಲ್ಲಿದ್ದ ಕಾಲ ಅದು. ಒಬ್ಬರ ಸಂಬಳದಲ್ಲಿ ಸಂಸಾರ ತೂಗಿಸುವುದು ಕಷ್ಟವಾಗಿ, ಚೀಟಿಯಲ್ಲಿ ಬಂದ ಹಣಕ್ಕೆ ಸ್ವಲ್ಪ ಸಾಲ ಸೇರಿಸಿ ಹಪ್ಪಳದ ಉದ್ಯೋಗ ಶುರುಮಾಡಿದೆ. ಹಣ ನನ್ನದು, ಕೈ ಹಿಂದಿನ ಮನೆಯ ಅಕ್ಕನದು. ಇಂಗೆಷ್ಟು, ಮೆಣಸೆಷ್ಟು, ಹಿಟ್ಟನ್ನು ಎಷ್ಟು ಹೊತ್ತು ಕುಟ್ಟಿದರೆ ಹದ ಬರುತ್ತದೆ ಎಂಬುದೆಲ್ಲ ಅವರಿಗೆ ಬೆರಳ ತುದಿಯಲ್ಲಿತ್ತು. ನೂರು ಹಪ್ಪಳಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಕೂಲಿ ಕೊಡುತ್ತಿದ್ದೆ. ಒಂದು ದಿನವೂ ಬಾಕಿ ಉಳಿಸಿಕೊಂಡವಳಲ್ಲ. ಅಷ್ಟರಮಟ್ಟಿಗೆ ನಾನು ನ್ಯಾಯವಂತೆ ಎಂದೇ ನಂಬಿದ್ದೆ.

ಎರಡು ವರ್ಷ ಕಳೆದು ವ್ಯಾಪಾರ ಕುದುರಿದಾಗ ಅಕ್ಕ ಒಂದು ದಿನ ಲಟ್ಟಣಿಗೆಯಿಂದ ತಲೆ ಎತ್ತದೆಯೇ ಕೇಳಿದರು: "ಇದರಲ್ಲಿ ನಂದೂ ಅಂತ ಒಂದು ಪಾಲು ಇರಬಹುದೇನೇ?" ನಾನು ನಕ್ಕುಬಿಟ್ಟೆ. "ದುಡ್ಡು ಹಾಕಿದ್ದು ನಾನಲ್ವಾ ಅಕ್ಕಾ" ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ಮರುವರ್ಷ ಅಂಗಡಿಯವರೊಬ್ಬರು ಕಡಿಮೆ ಬೆಲೆಯ ಮಾಲು ಬೇಕೆಂದರು. ಉದ್ದಿನ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಿದೆ. ಲೇಬಲ್ಲು ಮಾತ್ರ ಅದೇ. ಅಕ್ಕ ಹಿಟ್ಟನ್ನು ಮುಟ್ಟಿ ನೋಡಿ, "ಇದನ್ನ ನಾನು ಲಟ್ಟಿಸಿದ್ದು ಅಂತ ಯಾರಿಗೂ ಹೇಳಬೇಡಮ್ಮ" ಎಂದರು. ಹದಿನೈದು ದಿನದಲ್ಲಿ ಬರುವುದನ್ನೇ ಬಿಟ್ಟರು. ವರ್ಷ ತುಂಬುವುದರೊಳಗೆ ಉದ್ಯೋಗವೂ ನಿಂತಿತು. ನಷ್ಟಕ್ಕೆ ಮಳೆ ಕಾರಣ, ಉದ್ದಿನ ಬೆಲೆ ಕಾರಣ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ.

2021ರಲ್ಲಿ ಜಸ್ವಂತಿಬೆನ್ ಪೋಪಟ್ ಅವರಿಗೆ ಪದ್ಮಶ್ರೀ ಬಂದ ಸುದ್ದಿ ಓದಿದಾಗ ಆ ಹಳೆಯ ಮಾತು ಮತ್ತೆ ಚುಚ್ಚಿತು. ನೀವೂ ಕೊಂಡಿರುವ ಲಿಜ್ಜತ್ ಹಪ್ಪಳವನ್ನು ಶುರುಮಾಡಿದ ಏಳು ಮಂದಿಯಲ್ಲಿ ಅವರೊಬ್ಬರು. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ, ತಾವಿದ್ದ ಕಟ್ಟಡದ ತಾರಸಿಯ ಮೇಲೆ ಏಳು ಗುಜರಾತಿ ಗೃಹಿಣಿಯರು ಕುಳಿತು ಮೊದಲ ದಿನ ಮಾಡಿದ್ದು ನಾಲ್ಕು ಕಟ್ಟು ಹಪ್ಪಳ. ಬಂಡವಾಳ 80 ರೂಪಾಯಿ, ಅದೂ ಸಾಲ. ಕೊಟ್ಟವರು ಸಮಾಜಸೇವಕ ಛಗನ್‌ಲಾಲ್ ಕರಮ್ಸಿ ಪಾರೇಖ್. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತಂತೆ. ಮರುವರ್ಷ ಒಂದು ಮಂಚ, ಒಂದು ಒಲೆ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಈ ಉಪಾಯ ಓದಿ ನಗು ಬಂತು. ನಮ್ಮ ನಿಮ್ಮಂಥವರಿಗೇ ಹೊಳೆಯುವ ಉಪಾಯ!

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಅವರೂ ಮೊದಮೊದಲು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು, ಒಂದು ಒಳ್ಳೆಯದು, ಒಂದು ಅಗ್ಗದ್ದು. ಪಾರೇಖ್ ಅವರು, ಮಾಡುವುದಾದರೆ ಒಂದೇ ದರ್ಜೆ, ಅದರಲ್ಲಿ ರಾಜಿ ಬೇಡ ಎಂದರು. ಅವರು ಕೇಳಿದರು. ನನಗೂ ಅದೇ ಬುದ್ಧಿಮಾತು ಹೇಳಿದವರಿದ್ದರು. ನಾನು ಕೇಳಲಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬಂತು? ಅವರು ಒಳ್ಳೆಯವರು, ನಾನು ಕೆಟ್ಟವಳು ಎಂದರೆ ಸುಲಭದ ಉತ್ತರ. ಲಿಜ್ಜತ್‌ನಲ್ಲಿ ಲಟ್ಟಿಸುವವಳನ್ನು 'ಬೆನ್', ಎಂದರೆ ಸೋದರಿ, ಎನ್ನುತ್ತಾರೆ. ಅವಳು ಕೂಲಿಯವಳಲ್ಲ, ಸಂಸ್ಥೆಯ ಒಡತಿ. ಕಲಸಿದ ಹಿಟ್ಟನ್ನು ಬೆಳಿಗ್ಗೆ ಮನೆಗೆ ಒಯ್ದು, ಲಟ್ಟಿಸಿ, ಒಣಗಿಸಿ ತಂದೊಪ್ಪಿಸುತ್ತಾಳೆ. ಲಟ್ಟಿಸಿದ ಮಜೂರಿಯ ಜೊತೆಗೆ ಲಾಭದಲ್ಲೂ ಪಾಲಿದೆ, ನಷ್ಟದಲ್ಲೂ ಇದೆ. ತನ್ನದೆಂದುಕೊಂಡ ಹಿಟ್ಟಿಗೆ ಕಲಬೆರಕೆ ಮಾಡುವಾಗ ಕೈ ಅಳುಕುತ್ತದೆ. ನಮ್ಮ ಮನೆಯಲ್ಲಿ ಪಾಲಿಲ್ಲದ ಅಕ್ಕನ ಕೈ ಅಳುಕಿತು, ಪಾಲೆಲ್ಲ ಇದ್ದ ನನ್ನ ಕೈ ಅಳುಕಲಿಲ್ಲ. ಹಾಗಾದರೆ ನಿಜವಾದ ಒಡತಿ ಯಾರಾಗಿದ್ದರು, ನೀವೇ ಹೇಳಿ.

"ಸಾಲ ತಂದವಳು ನೀನು, ರಾತ್ರಿ ನಿದ್ದೆಗೆಟ್ಟವಳು ನೀನು, ಲಾಭವೂ ನಿನ್ನದೇ ಅಲ್ಲವೇ?" ಎಂದು ನೀವು ಕೇಳಬಹುದು. ನಾನೂ ಇದನ್ನೇ ಹೇಳಿಕೊಂಡು ಸಮಾಧಾನಪಟ್ಟುಕೊಂಡವಳು. ಅದು ಸುಳ್ಳಲ್ಲ. ಅಪಾಯ ಹೊತ್ತವರಿಗೆ ಹೆಚ್ಚು ಸಲ್ಲಬೇಕು. ಆದರೆ ಅಪಾಯದಲ್ಲಿ ನಿಮಗೂ ಭಾಗ ಬೇಕೇ ಅಕ್ಕಾ ಎಂದು ನಾನು ಕೇಳಲೇ ಇಲ್ಲವಲ್ಲ! ಪಾಲು ಕೇಳಿದರೆ ಅವರು ಲಾಭವನ್ನೇ ಕೇಳುತ್ತಿದ್ದಾರೆ ಎಂದು ನಾನಾಗಿ ತೀರ್ಮಾನಿಸಿದೆ. ನಷ್ಟವನ್ನೂ ಹೊರಲು ಬಹುಶಃ ಅವರು ಸಿದ್ಧರಿದ್ದರು. ಬಡವರಿಗೆ ಹೊಣೆ ಹೊರುವ ಶಕ್ತಿಯಿಲ್ಲ ಎಂದುಕೊಳ್ಳುವುದೂ ಒಂದು ಬಗೆಯ ಅಹಂಕಾರವೇ.

ಲಿಜ್ಜತ್‌ನಲ್ಲಿ ಎಲ್ಲವೂ ಸುಖವೇ ಎಂದಲ್ಲ. ಇವತ್ತಿಗೂ ಹಪ್ಪಳ ಲಟ್ಟಿಸುವುದು ಕೈಯಿಂದಲೇ; ಸೊಂಟ, ತೋಳು ನೋಯದೆ ಇರದು. ಆದರೂ ಆ ಏಳು ಮಂದಿ ಇಂದು ಸುಮಾರು 45 ಸಾವಿರವಾಗಿದ್ದಾರೆ. ಮೊದಲ ವರ್ಷ 6,196 ರೂಪಾಯಿಯಿದ್ದ ವಹಿವಾಟು ಸಾವಿರ ಕೋಟಿ ದಾಟಿದೆ. ಯಂತ್ರ ತಂದಿದ್ದರೆ ಹಪ್ಪಳ ಇನ್ನೂ ಹೆಚ್ಚುತ್ತಿತ್ತೇನೋ, ಒಡತಿಯರು ಹೆಚ್ಚುತ್ತಿರಲಿಲ್ಲ. ಉದ್ಯಮ ಬೆಳೆಯಿತು ಎನ್ನುವಾಗ ಯಾವುದು ಬೆಳೆಯಿತು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಅಕ್ಕ ಈಗ ಮಗನ ಜೊತೆ ಬೇರೆ ಊರಿನಲ್ಲಿದ್ದಾರೆ. ಹೋಗಿ ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಕೇಳಿದರೆ ಅವರು ನಕ್ಕು ಕಾಫಿ ಕೊಟ್ಟು ಕಳಿಸುತ್ತಾರೆ ಎಂಬುದೂ ಗೊತ್ತು. ಅದಕ್ಕೇ ಇನ್ನೂ ಹೋಗಿಲ್ಲ.

ಕಳೆದ ವಾರ ನನ್ನ ತಂಗಿಯ ಮಗಳು ಬಂದಿದ್ದಳು. ಇಬ್ಬರು ಗೆಳತಿಯರ ಜೊತೆ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತಾಳಂತೆ. "ದೊಡ್ಡಮ್ಮ, ಒಂದು ಒಳ್ಳೆ ಹೆಸರು ಹೇಳಿ" ಎಂದಳು. ಹೆಸರಿಗೇನವಸರ, ಲಿಜ್ಜತ್ ಎಂಬ ಹೆಸರು ಬಂದಿದ್ದೇ ಮೂರು ವರ್ಷದ ಮೇಲೆ, 1962ರಲ್ಲಿ ಎಂದೆ. ಅಟ್ಟದಿಂದಿಳಿಸಿದ ಕಟ್ಟಿನಿಂದ ಒಂದು ಲೇಬಲ್ಲು ತೆಗೆದು, ಮಗುಚಿ, ಅದರ ಖಾಲಿ ಬೆನ್ನನ್ನು ಅವಳ ಮುಂದಿಟ್ಟೆ. "ಮೊದಲು ಇದರ ಮೇಲೆ ಬರಿ. ನಷ್ಟವಾದರೆ ಯಾರು ಯಾರು ಎಷ್ಟೆಷ್ಟು ಹೊರುತ್ತೀರಿ? ಪುಡಿ ಕುಟ್ಟಲು ಬರುವವಳನ್ನೂ ಕೂರಿಸಿಕೊಂಡು ಬರಿ" ಎಂದೆ.

ಅವಳು ಕಾಗದವನ್ನು ತಿರುಗಿಸಿ ನನ್ನ ಹೆಸರನ್ನೊಮ್ಮೆ ಓದಿದಳು. ಏನೂ ಕೇಳಲಿಲ್ಲ.